ಕ್ಯೂಬ್ ಹುಡುಕುವ ಮೊದಲು ಬಾಟಲಿ ನೋಡಿ

ಆಬ್ಸಿಂತ್ ಅಂದರೆ ಗಿಡಮೂಲಿಕೆ ಹಾಕಿ ಬಟ್ಟಿ ಇಳಿಸಿದ, ನೀರು ಬೆರೆಸಿ ಕುಡಿಯುವ ಗಟ್ಟಿ ಮದ್ಯ. ಅದಕ್ಕೆ ಕಂದು ಸಕ್ಕರೆ ಕ್ಯೂಬ್ ಒಳ್ಳೆಯದಾ, ಬಿಳಿಯದಾ ಅಂತ ಕೇಳಿದ್ದೀರಿ. ಹನ್ನೆರಡು ವರ್ಷದ ಹಿಂದೆ ನನಗೂ ಇದೇ ಚಿಂತೆ.

ಆಗ ಕೆಲಸದ ಮೇಲೆ ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್‌ನಲ್ಲಿದ್ದೆ. ಆಬ್ಸಿಂತ್ ಹುಟ್ಟಿದ ವಾಲ್-ದ-ತ್ರಾವೆರ್ ಕಣಿವೆ ಅಲ್ಲಿಗೆ ಹತ್ತಿರ. ತೂತಿನ ಚಮಚ ಕೊಂಡೆ. ಮೂರು ಅಂಗಡಿ ಸುತ್ತಿ, ಒರಟಾಗಿ ಒಡೆದ ಕಂದು ಕ್ಯೂಬ್ ತಂದೆ. ಪಕ್ಕದ ಮನೆಯ ಅಜ್ಜ ಆ ಕಣಿವೆಯವರು. ವಿಷಯ ತಿಳಿದು ಒಂದು ಸಂಜೆ ಲೇಬಲ್ ಇಲ್ಲದ ಬಾಟಲಿ ಹಿಡಿದು ಬಂದರು. ತಳದಲ್ಲಿ ಕಾಲುಭಾಗ ಉಳಿದಿತ್ತು. ಅಲ್ಲಿ 1910ರಿಂದ 2005ರವರೆಗೆ ಆಬ್ಸಿಂತ್‌ಗೆ ನಿಷೇಧವಿತ್ತು. ಆದರೂ ಕಣಿವೆಯ ಮನೆಗಳಲ್ಲಿ ಕದ್ದು ಬಟ್ಟಿ ಇಳಿಸುತ್ತಲೇ ಇದ್ದರು. ಇದು ಅಜ್ಜನ ಅಕ್ಕ ಇಳಿಸಿದ್ದು. ಆಕೆ ತೀರಿಕೊಂಡಿದ್ದರು. ಉಳಿದಿದ್ದು ಅದೊಂದೇ ಬಾಟಲಿ.

"ಇದಕ್ಕೆ ಸಕ್ಕರೆ ಬೇಡ" ಅಂದರು ಅಜ್ಜ. ಸಂಕೋಚಕ್ಕೆ ಹೇಳುತ್ತಿದ್ದಾರೆ ಅಂದುಕೊಂಡು ನಾನು ಕ್ಯೂಬ್ ಇಟ್ಟೇಬಿಟ್ಟೆ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಗಟ್ಟಿ ಮದ್ಯದಲ್ಲಿ ಸಕ್ಕರೆ ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ಚಮಚದ ಮೇಲಿಟ್ಟು, ತಣ್ಣೀರು ಹನಿಸಿ ಕರಗಿಸುವುದು. ನನ್ನ ಕ್ಯೂಬ್ ಕಲ್ಲುಸಕ್ಕರೆಯಂತೆ ಗಟ್ಟಿ, ನೀರೋ ಐಸ್ ನೀರು. ಕರಗಲೇ ಇಲ್ಲ. ಕರಗಲಿ ಅಂತ ಸುರಿಯುತ್ತಾ ಹೋದೆ. 30 ಎಂಎಲ್‌ಗೆ ಮೂರರಿಂದ ಐದು ಪಟ್ಟು ನೀರು ಸಾಕು. ನಾನು ಎಂಟು ಪಟ್ಟು ಹಾಕಿದೆ. ಕಣ್ಣು ಗ್ಲಾಸಿನ ಮೇಲಿರಬೇಕಿತ್ತು, ಕ್ಯೂಬಿನ ಮೇಲಿತ್ತು. ಆಬ್ಸಿಂತ್‌ಗೆ ಹಾಕುವ ಆನಿಸ್, ಅಂದರೆ ಸೋಂಪಿನಂಥ ಕಾಳಿನ ಎಣ್ಣೆ ಮದ್ಯದಲ್ಲಿ ಕರಗಿ ಕೂತಿರುತ್ತದೆ. ನೀರು ಹೆಚ್ಚಿದಂತೆ ಸಣ್ಣ ಸಣ್ಣ ಹನಿಯಾಗಿ ಹೊರಬಂದು, ಗ್ಲಾಸ್ ಹಾಲಿನಂತೆ ಮಬ್ಬಾಗುತ್ತದೆ. ಮಬ್ಬು ತುಂಬಿದ ಮೇಲೆ ಒಂದು ಗುಟುಕು ನೋಡಿ, ಕೈ ತಡೆಯಬೇಕು. ಸಕ್ಕರೆ ಅರ್ಧ ಉಳಿದರೂ ಪರವಾಗಿಲ್ಲ, ಚಮಚ ತೆಗೆದಿಡಿ. ನಾನು ಹೀಗೇ ಮೂರು ಸುತ್ತು ಮಾಡಿದೆ. ಬಾಟಲಿ ಖಾಲಿಯಾಯಿತು. ಅಜ್ಜ ಏನೂ ಹೇಳದೆ ಕುಡಿದರು. ಆ ಅಕ್ಕನ ಕೈರುಚಿ ಹೇಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅಜ್ಜ ಹೇಳಿದ್ದು ಸರಿಯೇ ಇತ್ತು. ಆಬ್ಸಿಂತ್‌ನ ಮುಖ್ಯ ಗಿಡ ವರ್ಮ್‌ವುಡ್, ನಮ್ಮ ದವನದ ಕುಲದ್ದು, ವಿಪರೀತ ಕಹಿ. ಆದರೆ ಬಟ್ಟಿ ಇಳಿಸುವಾಗ ಆ ಕಹಿ ಆವಿಯ ಜೊತೆ ಬರುವುದಿಲ್ಲ. ಹಾಗಾಗಿ ಆ ಕಣಿವೆಯ ಬಣ್ಣವಿಲ್ಲದ ಬಗೆ (ಹೆಸರು ಮಾತ್ರ 'ಬ್ಲ್ಯೂ') ಸಕ್ಕರೆ ಕೇಳುವುದೇ ಇಲ್ಲ. ಹಸಿರು ಬಗೆಯಲ್ಲಿ ಬಟ್ಟಿ ಇಳಿಸಿದ ಮೇಲೆ ಮತ್ತೆ ಸೊಪ್ಪು ನೆನೆಸುತ್ತಾರೆ, ಸ್ವಲ್ಪ ಕಹಿ ಇಳಿಯಬಹುದು. ಸಕ್ಕರೆ ಬೇಕಾದರೆ ಅದಕ್ಕೆ.

ಆದ್ದರಿಂದ ಬಿಳಿಯಾ ಕಂದಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಮೊದಲು ಸಕ್ಕರೆಯಿಲ್ಲದೆ ಒಂದು ಗ್ಲಾಸ್ ಕುಡಿದು ನೋಡಿ. ಆಮೇಲೂ ಬೇಕೆನಿಸಿದರೆ ಸಾದಾ ಬಿಳಿ ಕ್ಯೂಬ್, ಚಿಕ್ಕದು, ಅದರಲ್ಲೂ ಅರ್ಧ. ಕಂದು ಬೇಡವೇ ಬೇಡ. ಅದರ ಬೆಲ್ಲದ ವಾಸನೆ ಸೋಂಪಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಕ್ಯೂಬಿಗೆ ಬೆಂಕಿ ಹಚ್ಚುವ ವಿಡಿಯೋ ನೋಡಿದ್ದರೆ ಮರೆತುಬಿಡಿ. ಅದು 1990ರ ದಶಕದಲ್ಲಿ ಜೆಕ್ ಬಾರ್‌ಗಳಿಂದ ಹರಡಿದ್ದು, ಹಳೆಯ ಪದ್ಧತಿ ಅಲ್ಲ.

ನಿಮ್ಮ ಬಾಟಲಿ ಹಸಿರಾ, ಬಣ್ಣವಿಲ್ಲದ್ದಾ, ಎಷ್ಟು ಪರ್ಸೆಂಟ್ ಅಂತ ಬರೆಯಿರಿ. ನೀರಿನ ಲೆಕ್ಕ ಹೇಳುತ್ತೇನೆ.