ಯುಕುಲೇಲೆಗೆ ಹಾರ್ಡ್ ಕೇಸ್ ತಗೊಳ್ಳಲಾ, ಬಟ್ಟೆ ಬ್ಯಾಗ್ ಸಾಕಾ?

ಧಾರವಾಡದಲ್ಲಿ ಓದು, ಗದಗದಲ್ಲಿ ಮನೆ, ವಾರಕ್ಕೊಮ್ಮೆ ಬಸ್ಸಿನಲ್ಲಿ ಓಡಾಟ, ಕೈಯಲ್ಲಿ ಸಾಲಿಡ್ ಮರದ, ಅಂದರೆ ಪದರ ಅಂಟಿಸದ ಇಡೀ ಹಲಗೆಯ, ಯುಕುಲೇಲೆ (ಗಿಟಾರಿನಂಥ ಪುಟ್ಟ ನಾಲ್ಕು ತಂತಿ ವಾದ್ಯ). ನಿಮ್ಮ ಪ್ರಶ್ನೆ ಓದುತ್ತಿದ್ದರೆ ನನ್ನದೇ ಹಳೇ ಕಥೆ ಅನ್ನಿಸಿತು. ಫರಕು ಇಷ್ಟೇ. ನಾನು ಯಾರನ್ನೂ ಕೇಳದೆ ಹಾರ್ಡ್ ಕೇಸ್ ತಗೊಂಡೆ. ವಾದ್ಯ ಒಡೆದದ್ದು ಆ ಕೇಸಿನೊಳಗೇ.

ಬಿದ್ದು ಒಡೆದದ್ದಲ್ಲ. ಒಣಗಿ ಒಡೆದದ್ದು.

ಆಗ ಧಾರವಾಡದಲ್ಲಿ ರೂಮು ಮಾಡಿಕೊಂಡಿದ್ದೆ. ಜುಲೈ ತಿಂಗಳ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ಲ, ಒಗೆದ ಅಂಗಿ ಮೂರು ದಿನವಾದರೂ ಒಣಗುವುದಿಲ್ಲ. ಒಂದು ಬೆಳಗ್ಗೆ ಚಪ್ಪಲಿಯ ಮೇಲೆ ಬೂಷ್ಟು ಬಂದಿತ್ತು. ಚಪ್ಪಲಿಗೇ ಹೀಗಾದರೆ ಮರದ ಗತಿ ಏನು ಅಂತ ಹೆದರಿ ತೇವ ಹೀರುವ ನೀಲಿ ಕಾಳು, ಅದೇ ಸಿಲಿಕಾ ಜೆಲ್, ಅರ್ಧ ಕಿಲೋ ತರಿಸಿದೆ. ಹಳೇ ಧೋತರ ಹರಿದು ಎರಡು ಗಂಟು ಕಟ್ಟಿ ಕೇಸಿನೊಳಗೆ ಇಟ್ಟೆ. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆ ಕಾಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ಬರುತ್ತೆ, ಆಮೇಲೆ ಸುಮ್ನೆ ಕೂತಿರುತ್ತೆ. ಬಿಸಿ ಮಾಡಿದರೆ ತೇವ ಬಿಟ್ಟು ಮತ್ತೆ ನೀಲಿ ಆಗುತ್ತೆ. ಇದನ್ನು ಓದಿ ತಿಳಿದುಕೊಂಡದ್ದೇ ನನ್ನ ದುರದೃಷ್ಟ.

ನವೆಂಬರಿನಲ್ಲಿ ಗದಗಕ್ಕೆ, ಮನೆಗೆ ಬಂದೆ. ಗಂಟೂ ಜೊತೆಗೇ ಬಂತು. ಗದಗದ ಗಾಳಿ ಅಂದರೆ ಕಪ್ಪತಗುಡ್ಡದ ಕಡೆ ಸಾಲಾಗಿ ಗಾಳಿಯಂತ್ರ ತಿರುಗಿಸುವ ಗಾಳಿ, ಮಳೆಗಾಲ ಮುಗಿದರೆ ತುಟಿ ಒಡೆಯುತ್ತೆ. ಅಂಥ ಊರಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಕಾಳನ್ನು ರೊಟ್ಟಿ ಹಂಚಿನ ಮೇಲೆ ಹಾಕಿ ಹುರಿಯುತ್ತಿದ್ದೆ! ಅವ್ವ ಬಂದು ನೋಡಿ, "ಏನಪಾ, ಸಾಬುದಾಣಿ ಹುರಿಯಾಕತ್ತೀಯೇನ?" ಅಂದಳು. ನೀಲಿ ಬಣ್ಣಕ್ಕೆ ಕೋಬಾಲ್ಟ್ ಲವಣ ಹಾಕಿರುತ್ತಾರೆ, ಅದು ವಿಷ, ಅಡುಗೆ ಪಾತ್ರೆಗೆ ತಾಗಿಸಲೇಬಾರದು ಅಂತ ಗೊತ್ತಾದದ್ದು ಆಮೇಲೆ. ಆ ಹಂಚು ಹೊರಗೆ ಹೋಯ್ತು. ಅವ್ವನ ಸಿಟ್ಟು ಹೋಗಲಿಲ್ಲ.

ಕೇಸ್ ಮಾಡಿದ್ದು ಏನು ಗೊತ್ತಾ? ಒಳ್ಳೇ ಹಾರ್ಡ್ ಕೇಸ್ ಡಬ್ಬಿಯ ಹಾಗೆ ಬಿಗಿಯಾಗಿ ಮುಚ್ಚುತ್ತೆ. ಒಳಗಿರುವ ಗಾಳಿ ಒಂದು ಹಿಡಿ. ಹುರಿದ ಜೆಲ್ ಅದನ್ನು ಬೇಗನೇ ಒಣಗಿಸಿತು, ಆಮೇಲೆ ಮರದೊಳಗಿನ ತೇವಕ್ಕೇ ಬಾಯಿ ಹಾಕಿತು. ಮರ ಒಣಗಿದಾಗ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತೆ. ಯುಕುಲೇಲೆಯ ಮೇಲ್ಹಲಗೆ ಸುಮಾರು ಎರಡು ಮಿಲಿಮೀಟರ್ ದಪ್ಪ, ಒಳಗೆ ಅಡ್ಡಪಟ್ಟಿಗಳಿಗೆ ಅಂಟಿಸಿರುತ್ತಾರೆ. ಹಲಗೆ ಕುಗ್ಗಬೇಕು ಅನ್ನುತ್ತೆ, ಪಟ್ಟಿ ಬಿಡುವುದಿಲ್ಲ. ಕೊನೆಗೆ ಸೀಳುತ್ತೆ.

ಮುನ್ಸೂಚನೆ ಇತ್ತು. ಅದೇ ಈಗಲೂ ಹೊಟ್ಟೆ ಉರಿಸುವುದು. ಜನವರಿಯಿಂದಲೇ ಎಡಗೈ ಮೇಲೆ ಕೆಳಗೆ ಜಾರಿಸುವಾಗ ಫ್ರೆಟ್ (ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ತುದಿಗಳು ಚುಚ್ಚುತ್ತಿದ್ದವು. ಮರ ಅಗಲದಲ್ಲಿ ಕುಗ್ಗಿತ್ತು, ಲೋಹದ ಫ್ರೆಟ್ ಇದ್ದಷ್ಟೇ ಇತ್ತು, ಹಾಗಾಗಿ ತುದಿ ಹೊರಗೆ ಬಂದಿತ್ತು. ನಾನು ಕೈ ಮೆತ್ತಗಾಗಿದೆ, ರಿಯಾಜ್ ಸಾಲದು ಅಂದುಕೊಂಡೆ. ಮಾರ್ಚಿನಲ್ಲಿ ಒಂದು ಸಂಜೆ ಕೇಸ್ ತೆರೆದರೆ, ಮೇಲ್ಹಲಗೆಯಲ್ಲಿ ತಂತಿ ಕಟ್ಟುವ ಬ್ರಿಜ್ಜಿನ ಕೆಳಗೆ ಒಂದು ಗೆರೆ. ಕೂದಲು ಅಂದುಕೊಂಡು ಒರೆಸಿದೆ. ಹೋಗಲಿಲ್ಲ. ಉಗುರಿಗೆ ತಾಗಿತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹೊಸಾದು ತಗೊಳ್ರಿ ಅಂದರು. ಮನಸ್ಸು ಬರಲಿಲ್ಲ. ಬೆಳಗಾವಿ ಮೇಲೆ ರೈಲಿನಲ್ಲಿ ಮಿರಜ್‌ಗೆ ಹೋದೆ. ನಮ್ಮ ಕಡೆಯ ತಂಬೂರಿ, ಸಿತಾರ್ ರಿಪೇರಿಗೆ ಹೋಗುವುದು ಅಲ್ಲಿಗೇ ಅಲ್ವಾ. ಅಲ್ಲಿನ ಅಜ್ಜ ಯುಕುಲೇಲೆಯನ್ನು ತಿರುಗಿಸಿ ನೋಡಿ, "ಹಪ್ಪಳ ಒಣಗಿಸಿದಂಗ ಒಣಗಿಸೀರಲ್ರೀ" ಅಂದರು. ತಕ್ಷಣ ಅಂಟು ಹಾಕಲಿಲ್ಲ. ಒದ್ದೆ ಅರಿವೆಯ ಜೊತೆ, ತಾಗದ ಹಾಗೆ, ಒಂದು ವಾರ ಮುಚ್ಚಿಟ್ಟರು. ಮರ ಉಬ್ಬಿ ಬಿರುಕು ತಾನಾಗೇ ಕೂಡಿತು. ಆಮೇಲೆ ಅಂಟು, ಒಳಗಿನಿಂದ ಅಡ್ಡಕ್ಕೆ ಬೆರಳುಗುರಿನಷ್ಟು ಮರದ ತುಂಡು.

ಈಗ ನಿಮ್ಮ ಪ್ರಶ್ನೆ. ಕೇಸಾ, ಬ್ಯಾಗಾ ಅನ್ನುವುದೇ ನನ್ನ ಪ್ರಕಾರ ತಪ್ಪು ಪ್ರಶ್ನೆ. ಆ ವಾದ್ಯ ವಾರವಾರ ಓಡಾಡುವುದೇ ಬೇಡ. ಯುಕುಲೇಲೆ ಹುಟ್ಟಿದ್ದೇ ಸಮುದ್ರದ ನಡುವೆ. 1879ರಲ್ಲಿ ಮಡೇರಾ ದ್ವೀಪದಿಂದ ಹವಾಯಿಗೆ ಬಂದ ಪೋರ್ಚುಗೀಸ್ ಬಡಿಗರು ತಮ್ಮೂರಿನ ಪುಟ್ಟ ತಂತಿವಾದ್ಯ ನೋಡಿ ಅಲ್ಲಿ ಮಾಡಿದ್ದು ಅದು. ಸಾಲಿಡ್ ಮರಕ್ಕೆ ಗಾಳಿಯಲ್ಲಿ 45ರಿಂದ 55 ಪರ್ಸೆಂಟ್ ತೇವಾಂಶ ಇದ್ದರೆ ಹಿತ. ಅದನ್ನು ಧಾರವಾಡದ ಮಳೆಗೂ ಗದಗದ ಬ್ಯಾಸಗಿಗೂ ಎಳೆದಾಡಿದರೆ ಎಷ್ಟು ದಿನ ತಡೆದೀತು? ಓಡಾಟಕ್ಕೆಂದೇ ಒಂದು ಲ್ಯಾಮಿನೇಟ್ ಯುಕುಲೇಲೆ ತಗೊಂಡು ಬಟ್ಟೆ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಿ. ಪದರ ಪದರ ಅಂಟಿಸಿದ ಮರ, ಇಷ್ಟಕ್ಕೆಲ್ಲ ಸೀಳುವುದಿಲ್ಲ. ದನಿ ಸ್ವಲ್ಪ ಮಂದ, ಇರಲಿ. ಬಸ್ಸಿನ ಡಿಕ್ಕಿಗೆ ಮಾತ್ರ ಹಾಕಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಹತ್ತು ನಿಮಿಷವೂ ಬಿಡಬೇಡಿ, ಅಂಟು ಮೆತ್ತಗಾಗಿ ಬ್ರಿಜ್ ಎದ್ದು ಬರುತ್ತೆ. ಪ್ರಯಾಣಕ್ಕೆ ತಂತಿ ಸಡಿಲ ಮಾಡಬೇಕಾ ಅಂತಲೂ ಕೇಳಿದ್ದೀರಿ. ಬೇಡ, ನೈಲಾನ್ ತಂತಿಯ ಎಳೆತ ಅಷ್ಟಿಲ್ಲ.

ಸಾಲಿಡ್ ಮರದ್ದು ಒಂದೇ ಊರಲ್ಲಿ, ಕೇಸಿನಲ್ಲಿ ಇರಲಿ. ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಇಡಿ, ಅದನ್ನು ನೋಡದೆ ಒಳಗೆ ಏನೂ ಹಾಕಬೇಡಿ. ಸದ್ಯಕ್ಕೆ ಒಂದು ಕೆಲಸ ಮಾಡಿ. ಫ್ರೆಟ್ ತುದಿಗಳ ಮೇಲೆ ಬೆರಳಾಡಿಸಿ ನೋಡಿ. ಚುಚ್ಚಿದರೆ ಇವತ್ತೇ ಇಲ್ಲಿ ಬರೆಯಿರಿ, ಒದ್ದೆ ಅರಿವೆ ಹೇಗೆ ಇಡಬೇಕು ಹೇಳುತ್ತೇನೆ.