ಎಣ್ಣೆ ಸ್ನಾನದ ಮಾರನೇ ದಿನ ಟಬ್ಬಿನ ತುಂಬ ನೊರೆ

ಪ್ರಶ್ನೆ: ಮಿನಿಯಾಪೊಲಿಸ್‌ನಲ್ಲಿ ಈಚೆಗೆ ಮನೆ ಕೊಂಡೆವು. ಹಳೆಯ ಮಾಲೀಕರ 400 ಗ್ಯಾಲನ್ನಿನ ಹಾಟ್ ಟಬ್ (ಒಳಗೆ ಕೂರುವ ಬಿಸಿನೀರಿನ ತೊಟ್ಟಿ) ಹಿತ್ತಲಲ್ಲಿದೆ. ಊರಿನಿಂದ ಬಂದಿರುವ ಅತ್ತೆ, ಮಾವ ಮಂಡಿ ನೋವಿಗೆ ಹಿತ ಅಂತ ದಿನಾ ಕೂರುತ್ತಾರೆ. ದೀಪಾವಳಿಯಂದು ಎಲ್ಲರೂ ಎಣ್ಣೆ ಸ್ನಾನ ಮಾಡಿ ಸಂಜೆ ಟಬ್ಬಿಗೆ ಇಳಿದೆವು. ಮಾರನೇ ದಿನದಿಂದ ನೀರು ಚಿಮ್ಮಿಸುವ ಜೆಟ್ ಹಾಕಿದರೆ ಸಾಕು, ನೊರೆ ಉಕ್ಕುತ್ತದೆ. ನೀರು ಮಬ್ಬಾಗಿದೆ. ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಮಗನಿಗೆ ಮೈಮೇಲೆ ಕೆಂಪು ಗುಳ್ಳೆ ಎದ್ದಿವೆ. ಕ್ಲೋರಿನ್ ಜಾಸ್ತಿಯಾಯಿತು ಅಂತ ಹಾಕುವುದನ್ನೇ ನಿಲ್ಲಿಸಿದ್ದೇವೆ. ನೊರೆಗೆ ಏನು ಹಾಕಬೇಕು?
– ಓದುಗರೊಬ್ಬರು, ಮಿನಿಯಾಪೊಲಿಸ್

ಉತ್ತರ: ನೊರೆ ಆಮೇಲೆ ನೋಡೋಣ. ಮೊದಲು ಎಲ್ಲರೂ ಟಬ್ಬಿಗೆ ಇಳಿಯುವುದನ್ನು ನಿಲ್ಲಿಸಿ. ಮಗನನ್ನು ಡಾಕ್ಟರಿಗೆ ತೋರಿಸಿ, ಹಾಟ್ ಟಬ್ಬಿನಲ್ಲಿ ಕೂತಿದ್ದ ಅಂತ ಮರೆಯದೆ ಹೇಳಿ. ಈಜುಡುಗೆ ಮುಚ್ಚಿದ್ದ ಜಾಗದಲ್ಲಿ ಗುಳ್ಳೆ ಜಾಸ್ತಿ ಇದ್ದರೆ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕಾರಣ ಇರಬಹುದು. ಅತ್ತೆ, ಮಾವನವರಿಗೆ ಜ್ವರ, ಕೆಮ್ಮು ಬಂದರೆ ಒಂದು ದಿನವೂ ತಡ ಮಾಡಬೇಡಿ. ಜೆಟ್ ಎಬ್ಬಿಸುವ ಸಣ್ಣ ಹನಿಗಳ ಜೊತೆ ಲೀಜನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯಬಹುದು. 50 ದಾಟಿದವರಿಗೆ ಅದರ ಅಪಾಯ ಹೆಚ್ಚು.

ನಿಮ್ಮ ನೀರಿನಲ್ಲಿ ಕ್ಲೋರಿನ್ ಜಾಸ್ತಿ ಆಗಿದೆ ಅಂತ ನನಗೆ ಅನಿಸುವುದಿಲ್ಲ. ಸಾಲದೇ ಹೋಗಿದೆ. ಕ್ಲೋರಿನ್ ನಮ್ಮ ಬೆವರಿನ ಜೊತೆ ಸೇರಿ ಕ್ಲೋರಮಿನ್ ಆಗುತ್ತದೆ. ಮೂಗಿಗೆ ಹೊಡೆಯುವುದು ಅದೇ. ವಾಸನೆ ನಂಬಬೇಡಿ, ಪರೀಕ್ಷೆಯ ಪಟ್ಟಿ ಅದ್ದಿ ನೋಡಿ. ಕ್ಲೋರಿನ್ 3 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ) ಕಡಿಮೆ ಇರಲೇಬಾರದು.

ಇನ್ನು ಎಣ್ಣೆ. ಸೀಗೆಪುಡಿ ಹಾಕಿ ಎಷ್ಟೇ ಉಜ್ಜಿದರೂ ಕೂದಲ ಬುಡದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ, ಅಲ್ವಾ? ಬಿಸಿನೀರಿನಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಫಿಲ್ಟರ್ ಹೊರಗೆ ತೆಗೆದು ಅದರ ಮಡಿಕೆಯೊಂದನ್ನು ಬೆರಳಿನಿಂದ ಬಿಡಿಸಿ ಮುಟ್ಟಿ ನೋಡಿ. ಒಗ್ಗರಣೆ ಸೌಟಿನ ಹಾಗೆ ಜಿಡ್ಡು ಜಿಡ್ಡಾಗಿರುತ್ತದೆ. ನೀರು ಅದರೊಳಗೆ ಹಾಯುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಎಣ್ಣೆ ಸ್ನಾನದ ದಿನ ಟಬ್ಬಿನ ಮುಚ್ಚಳವನ್ನೇ ತೆಗೆಯುವುದಿಲ್ಲ. ಬೇರೆ ದಿನವೂ ಸೋಪು ಹಾಕಿ ಸ್ನಾನ ಮಾಡಿ, ಚೆನ್ನಾಗಿ ಮೈ ತೊಳೆದುಕೊಂಡೇ ಇಳಿಯಬೇಕು. ಲೋಷನ್, ಮುಲಾಮು ಯಾವುದೂ ಮೈಮೇಲೆ ಬೇಡ.

ನೊರೆ ಇಳಿಸುವ ದ್ರವ ಅಂಗಡಿಯಲ್ಲಿ ಸಿಗುತ್ತದೆ. ಸುಮ್ನೆ ದುಡ್ಡು ದಂಡ. ಒಂದು ಗಂಟೆ ನೊರೆ ಅಡಗುತ್ತದೆ, ಕೊಳೆ ಅಲ್ಲೇ ಇರುತ್ತದೆ. ನೀರು ಪೂರ್ತಿ ಖಾಲಿ ಮಾಡಿ. ಅದಕ್ಕೆ ಮೊದಲು, ಪೈಪ್ ಶುಚಿ ಮಾಡುವ ದ್ರವ ಹಾಕಿ ಜೆಟ್ ಓಡಿಸಿ. ಹಳೆಯ ಮಾಲೀಕರ ಕಾಲದ ಲೋಳೆಯೆಲ್ಲ ಪೈಪಿನೊಳಗೆ ಅಂಟಿರುತ್ತದೆ. ಕಂದು ಚೂರುಗಳು ತೇಲಿ ಬಂದರೆ ಗಾಬರಿ ಬೇಡ, ಬರಬೇಕಾದದ್ದೇ ಅದು. ಆಮೇಲೆ ಟಬ್ಬಿಗೆ ಕರೆಂಟ್ ಕೊಡುವ ಬ್ರೇಕರ್ ಆರಿಸಿ, ನೀರು ಬಿಟ್ಟು, ಒರೆಸಿ. ನಿಮ್ಮೂರಿನ ಚಳಿಯಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿದರೆ ಪೈಪೇ ಸೀಳುತ್ತದೆ. ಹಾಗಾಗಿ ಉಷ್ಣಾಂಶ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವ ದಿನ ನೋಡಿ ಬೆಳಿಗ್ಗೆಯೇ ಶುರು ಮಾಡಿ, ಅವತ್ತೇ ತುಂಬಿಸಿ. ಫಿಲ್ಟರ್ ಹೊಸದೇ ಹಾಕಿ. ಮುಂದೆ ವಾರಕ್ಕೊಮ್ಮೆ ಅದನ್ನು ಪೈಪಿನ ನೀರಿನಲ್ಲಿ ತೊಳೆದರೆ ಸಾಕು.

ಹೊಸ ನೀರಿಗೆ ಮೊದಲು ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) 80ರಿಂದ 120 ಪಿಪಿಎಂಗೆ ತನ್ನಿ, ಆಮೇಲೆ ಪಿಎಚ್ (ನೀರು ಆಮ್ಲವೋ ಕ್ಷಾರವೋ ಎನ್ನುವ ಅಳತೆ) 7.2ರಿಂದ 7.8ಕ್ಕೆ, ಕೊನೆಗೆ ಕ್ಲೋರಿನ್. ಹಾಟ್ ಟಬ್ಬಿಗೆಂದೇ ಸಿಗುವ ಡೈಕ್ಲೋರ್ ಪುಡಿ ಕೊಳ್ಳಿ. ಈಜುಕೊಳದ ಟ್ರೈಕ್ಲೋರ್ ಬಿಲ್ಲೆ ಬೇಡವೇ ಬೇಡ. ಎರಡು ಬಗೆಯ ಕ್ಲೋರಿನ್ನನ್ನು ಒಂದೇ ಚಮಚದಲ್ಲೂ ಮುಟ್ಟಿಸಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ನೀರು ಯಾವಾಗ ಬದಲಿಸಬೇಕು ಎನ್ನುವುದಕ್ಕೆ ಒಂದು ಲೆಕ್ಕವಿದೆ. ಗ್ಯಾಲನ್ನನ್ನು ಮೂರರಿಂದ ಭಾಗಿಸಿ, ದಿನಾ ಕೂರುವವರ ಸಂಖ್ಯೆಯಿಂದ ಮತ್ತೆ ಭಾಗಿಸಿ. ನಾಲ್ವರು ಕೂತರೆ ನಿಮ್ಮದಕ್ಕೆ 33 ದಿನ.

ಅತ್ತೆಯವರ ಜಡೆಯ ಬಗ್ಗೆ ಒಂದು ಮಾತು. ಕೂದಲು ಬಿಟ್ಟುಕೊಂಡು ಕೂರಬಾರದು, ತುರುಬು ಕಟ್ಟಲಿ. ನೀರು ಹೀರುವ ಬಾಯಿಗೆ ಕೂದಲು ಸಿಕ್ಕರೆ ತಲೆ ಎತ್ತಲಾಗುವುದಿಲ್ಲ. 2002ರಲ್ಲಿ ವರ್ಜೀನಿಯಾದಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಹಾಟ್ ಟಬ್ಬಿನ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. 2007ರಲ್ಲಿ ಆ ಮಗುವಿನ ಹೆಸರಿನಲ್ಲೇ ಅಮೆರಿಕದಲ್ಲಿ ಕಾನೂನು ಬಂತು. ನಿಮ್ಮ ಟಬ್ಬಿನಲ್ಲಿ ಆ ಬಾಯಿಯ ಜಾಲರಿ ಒಡೆದಿದ್ದರೆ, ಸಡಿಲವಾಗಿದ್ದರೆ, ಸರಿಪಡಿಸುವವರೆಗೆ ಯಾರೂ ಇಳಿಯಬೇಡಿ. ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಕೂರಲಿ. ಮಗನಿಗೆ ಐದು ವರ್ಷ ತುಂಬಿಲ್ಲ ಎಂದಾದರೆ ಗುಳ್ಳೆ ವಾಸಿಯಾದ ಮೇಲೂ ಬೇಡ.

ಪ್ರಶ್ನೆ: ಟಬ್ಬಿನ ಮುಚ್ಚಳ ಈ ವರ್ಷ ಎತ್ತಲಾಗದಷ್ಟು ಭಾರವಾಗಿದೆ. ಒಣಗಿಸಿದರೆ ಸರಿಹೋಗುತ್ತದೆಯೇ?
– ಓದುಗರೊಬ್ಬರು, ಟೊರಾಂಟೊ

ಉತ್ತರ: ಇಲ್ಲ. ಒಳಗಿನ ಫೋಮ್ ಸುತ್ತಿದ ಪ್ಲಾಸ್ಟಿಕ್ ಹರಿದು, ಹಬೆ ಒಳಹೋಗಿ ನೀರು ಹೀರಿಕೊಂಡಿದೆ. ಒದ್ದೆ ಫೋಮ್ ಬಿಸಿ ಹಿಡಿದಿಡುವುದಿಲ್ಲ, ಕರೆಂಟ್ ಬಿಲ್ ಏರುತ್ತದೆ. ಹೊಸದು ಕೊಳ್ಳಿ. ಮಕ್ಕಳಿರುವ ಮನೆಯಾದರೆ ಪಟ್ಟಿಗಳಿಗೆ ಬೀಗ ಇರುವಂಥದ್ದನ್ನೇ ಆರಿಸಿ. ಹಿಮ ಬಿದ್ದಾಗ ಸಲಿಕೆ ಹಾಕಬೇಡಿ, ಮೆತ್ತನೆ ಪೊರಕೆಯಲ್ಲಿ ಗುಡಿಸಿ.