ಕೇಳಿ, ಹೇಳುತ್ತೇನೆ: ಶರಣರ ಪಾಠ ಬಿಡಬೇಕಾ?

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿಎ ಇತಿಹಾಸದಲ್ಲಿ ಶರಣರು, ಸೂಫಿಗಳು ಬರುತ್ತಾರೆ. "ಸರ್ಕಾರಿ ಕಾಲೇಜಿನಲ್ಲಿ ಧರ್ಮ ಕಲಿಸುವಂತಿಲ್ಲ, ಕಾನೂನಿದೆ" ಎಂದು ಪಾಲಕರೊಬ್ಬರು ಬಂದು ಹೇಳಿ ಹೋದರು. ಸುಮ್ನೆ ಯಾಕೆ ತಂಟೆ, ಆ ಪಾಠ ಬಿಟ್ಟುಬಿಡಲೇ?
ಓದುಗರೊಬ್ಬರು, ಯಾದಗಿರಿ

ಉತ್ತರ: ಬಿಡಬೇಡಿ ತಂಗಿ. ಪಾಲಕರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆ, ಕಾಲೇಜಿನಲ್ಲಿ ಧಾರ್ಮಿಕ ಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆದರೆ ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಅದು ಅಡ್ಡಿಯಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ವಿಭಾಗ 1967ರಿಂದ ಇದೆ.

ಮಠದ ಪಾಠಶಾಲೆ, ಮದರಸಾ, ಸೆಮಿನರಿ ಇವುಗಳ ಕೆಲಸ ಬೇರೆ. ಅಲ್ಲಿ ಮುಂದೆ ಸ್ವಾಮಿ, ಮೌಲ್ವಿ, ಪಾದ್ರಿ ಆಗುವವರು ಕಲಿಯುತ್ತಾರೆ. ನಂಬಿಕೆ ಇಟ್ಟುಕೊಂಡೇ ಬಂದಿರುತ್ತಾರೆ. ನಿಮ್ಮ ತರಗತಿಯಲ್ಲಿ ಯಾರ ನಂಬಿಕೆಯನ್ನೂ ಕೇಳುವ ಹಾಗಿಲ್ಲ, ಕೆಡಿಸುವ ಹಾಗೂ ಇಲ್ಲ.

ಹೇಗೆ ಕಲಿಸುತ್ತೀರಿ ಅನ್ನುವುದೇ ಕಷ್ಟದ ಮಾತು. ನಾನು ಕಲಬುರಗಿಯಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಹೇಳಿಕೊಟ್ಟವಳು. ಮೊದಮೊದಲು ನೋಟ್ಸ್ ಹಿಡಿದು "ಮುಸ್ಲಿಮರು ಹೀಗೆ ನಂಬುತ್ತಾರೆ, ಲಿಂಗಾಯತರು ಹೀಗೆ" ಅಂತ ಬರೆಸುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ನಮ್ಮ ಮನ್ಯಾಗ ಹಂಗಿಲ್ಲರಿ ಮೇಡಂ. ನಮ್ಮ ಅಜ್ಜಿ ಬಂದೇ ನವಾಜರ ದರ್ಗಾಕ್ಕೂ ಹೋಗ್ತಾಳ, ಶರಣಬಸಪ್ಪನ ತೇರಿಗೂ ಹೋಗ್ತಾಳ" ಅಂದಳು. ನನ್ನ ನೋಟ್ಸಿನಲ್ಲಿ ಆ ಅಜ್ಜಿಗೆ ಜಾಗವೇ ಇರಲಿಲ್ಲ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಎಷ್ಟು ಮಕ್ಕಳು ಬಾಯಿ ಮುಚ್ಚಿಕೊಂಡು ತಪ್ಪು ಬರೆದುಕೊಂಡರೋ ಅನ್ನಿಸಿತು.

ಆಮೇಲೆ ಬರೆಸುವುದನ್ನು ಕಡಿಮೆ ಮಾಡಿದೆ. ಒಂದೇ ಒಂದು ವಚನ ಓದಿಸುತ್ತಿದ್ದೆ. ಇದನ್ನು ಯಾರು ಹೇಳಿದ್ದು? ಯಾರಿಗೆ? ಕೇಳಿದವರಿಗೆ ಸಿಟ್ಟು ಬಂದಿರಬಹುದಾ? ಮಕ್ಕಳು ಆಗ ಮಾತಾಡಲು ಶುರು ಮಾಡಿದರು. ನಡುವೆ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳೂ ಬಂದವು. "ನಾಳೆ ನೋಡಿ ಹೇಳುತ್ತೇನೆ" ಅಂದರೆ ಮಕ್ಕಳು ಬೇಜಾರು ಮಾಡಿಕೊಳ್ಳುವುದಿಲ್ಲ, ನಂಬಿ.

ಸಾಧ್ಯವಾದರೆ ಮಕ್ಕಳನ್ನು ಚಿತ್ತಾಪುರದ ಹತ್ತಿರದ ನಾಗಾವಿಗೆ ಕರೆದುಕೊಂಡು ಹೋಗಿ. ಅಲ್ಲಿನ ಘಟಿಕಾಸ್ಥಾನದ, ಅಂದರೆ ಹಿಂದಿನ ಕಾಲದ ವಿದ್ಯಾಕೇಂದ್ರದ, 1058ರ ಶಾಸನದಲ್ಲಿ ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ 52 ಮಂದಿ, ಜೊತೆಗೆ ಪುಸ್ತಕ ನೋಡಿಕೊಳ್ಳುವ ಆರು ಜನರ ಲೆಕ್ಕ ಇದೆ. ಆ ಆರು ಜನ ನನಗೆ ತುಂಬಾ ಇಷ್ಟ. ಇನ್ನೊಂದು ದಿನ ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ತೋರಿಸಿ. ಧರ್ಮದ ಓದು ನಮ್ಮ ಸೀಮೆಗೆ ಹೊಸದಲ್ಲ ಅಂತ ಕಣ್ಣಾರೆ ಗೊತ್ತಾಗುತ್ತದೆ.

ಪ್ರಿನ್ಸಿಪಾಲರಿಗೆ ಪಠ್ಯಕ್ರಮದ ಪ್ರತಿ ಒಂದು ಕೊಟ್ಟಿರಿ. ಆ ಪಾಲಕರನ್ನೂ ತರಗತಿಗೆ ಕರೆಯಿರಿ. ಒಂದು ತಾಸು ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಕೇಳಲಿ.